ಆರ್‌ನಲ್ಲಿ ಪ್ಲಾಟ್ ಸೇವ್ ಮಾಡುವುದು: ಏಳು ವರ್ಷ ಬಳಸಿದ ಮೇಲೆ

ಅಂಕಿಅಂಶದ ಕೆಲಸಕ್ಕೆ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆ ಹಿಡಿದು ಏಳು ವರ್ಷ ಆಯಿತು. ಲೆಕ್ಕದಲ್ಲಿ ಅದು ಕೈಕೊಟ್ಟಿದ್ದು ಕಡಿಮೆ. ನಮ್ಮಿಬ್ಬರ ಜಗಳ ಏನಿದ್ದರೂ ಪ್ಲಾಟ್, ಅಂದರೆ ಡೇಟಾದಿಂದ ಬಿಡಿಸಿದ ಗ್ರಾಫ್, ಸೇವ್ ಮಾಡುವಾಗ.

ಮೊದಲ ಎರಡು ವರ್ಷ ನನ್ನದು ಸುಲಭದ ದಾರಿ. ಕಿಟಕಿಯಲ್ಲಿ ಚಿತ್ರ ಬಂತಾ, ಎಕ್ಸ್‌ಪೋರ್ಟ್ ಬಟನ್ ಒತ್ತು, ಹೆಸರು ಕೊಡು, ಮುಗೀತು. ಡೇಟಾದಲ್ಲಿ ಒಂದು ಸಾಲು ತಪ್ಪಿದೆ ಎಂದು ಗೊತ್ತಾದ ದಿನ ಹದಿನೆಂಟು ಚಿತ್ರಗಳನ್ನೂ ಮತ್ತೆ ಕೈಯಾರೆ ಸೇವ್ ಮಾಡಬೇಕಾಯಿತು. ಅಷ್ಟರಲ್ಲಿ ಕಿಟಕಿಯ ಅಳತೆ ಬದಲಾಗಿತ್ತು. ಒಂದು ಚಿತ್ರ ಉದ್ದ, ಇನ್ನೊಂದು ಕುಳ್ಳ.

ಆರ್‌ಗೆ ತೆರೆಯೂ ಒಂದು ಡಿವೈಸ್ (ಚಿತ್ರ ಬಿಡಿಸುವ ಜಾಗ), ಫೈಲೂ ಒಂದು ಡಿವೈಸ್. ಇಷ್ಟು ತಲೆಗೆ ಹೋಗಲು ನನಗೆ ತಡವಾಯಿತು. ಪಿಎನ್‌ಜಿ() ಎಂಬ ಆಜ್ಞೆ ಕರೆದರೆ ಅಲ್ಲಿಂದ ಮುಂದೆ ಬಿಡಿಸಿದ್ದೆಲ್ಲ ಫೈಲಿಗೇ ಹೋಗುತ್ತದೆ. ತೆರೆ ಮೇಲೆ ಏನೂ ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ಡೆವ್.ಆಫ್() ಎಂದು ಮುಚ್ಚಬೇಕು. ಒಮ್ಮೆ ನನ್ನ ಸ್ಕ್ರಿಪ್ಟ್ ಇವೆರಡರ ನಡುವೆ ಎರರ್ ಕೊಟ್ಟು ನಿಂತುಬಿಟ್ಟಿತು. ಆಮೇಲೆ ಯಾವ ಪ್ಲಾಟೂ ಕಾಣಲಿಲ್ಲ. ಅರ್ಧ ದಿನ ಪ್ಯಾಕೇಜ್‌ಗಳನ್ನು ತೆಗೆದು ಮತ್ತೆ ಹಾಕುತ್ತಾ ಕೂತಿದ್ದೆ. ಕೊನೆಗೆ ಡೆವ್.ಆಫ್() ನಾಲ್ಕು ಸಲ ಹೊಡೆದಾಗ ‘ನಲ್ ಡಿವೈಸ್ 1’ ಎಂದು ಬಂತು, ಅಂದರೆ ಇನ್ನು ಯಾವ ಡಿವೈಸೂ ತೆರೆದಿಲ್ಲ. ನಾಲ್ಕು ಡಿವೈಸ್‌ಗಳು ಬಾಯಿ ತೆರೆದುಕೊಂಡೇ ಇದ್ದವು! ಈಗ ಫಂಕ್ಷನ್ ಒಳಗೆ ಡಿವೈಸ್ ತೆರೆದ ಕೂಡಲೇ, ಫಂಕ್ಷನ್ ಮುಗಿಯುವಾಗ ತಾನೇ ಓಡುವ ಆನ್.ಎಕ್ಸಿಟ್‌ನಲ್ಲಿ ಡೆವ್.ಆಫ್() ಹಾಕಿಡುತ್ತೇನೆ. ಎರರ್ ಬಂದರೂ ಅದು ಮುಚ್ಚಿಕೊಂಡೇ ಹೊರಬರುತ್ತದೆ.

ಇನ್ನು ಮಸುಕು ಚಿತ್ರದ ಕಥೆ. ಏನೂ ಹೇಳದಿದ್ದರೆ ಪಿಎನ್‌ಜಿ() ಕೊಡುವುದು 480 ಗುಣಿಸು 480 ಪಿಕ್ಸೆಲ್. ಪ್ರಿಂಟ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕೆಂದರೆ ಅದು ಒಂದೂವರೆ ಇಂಚು ಚಿಲ್ಲರೆ, ಅಷ್ಟೇ. ಸರಿ, ಅಗಲ ಎತ್ತರ ಎರಡನ್ನೂ 2400 ಮಾಡಿದೆ. ಗೆರೆಗಳೇನೋ ಚೂಪಾದವು, ಆದರೆ ಅಕ್ಷರಗಳು ಇರುವೆ ಸಾಲಿನಂತಾದವು. ಆರ್ ಅಕ್ಷರವನ್ನು ಅಳೆಯುವುದು ಪಾಯಿಂಟ್‌ನಲ್ಲಿ, 72 ಪಾಯಿಂಟ್‌ಗೆ ಒಂದು ಇಂಚು. ಇಂಚಿಗೆ ಎಷ್ಟು ಪಿಕ್ಸೆಲ್ ಎಂದು ತಿಳಿಸುವ ರೆಸ್ ಅನ್ನು ಹೇಳದಿದ್ದರೆ 72 ಎಂದುಕೊಳ್ಳುತ್ತದೆ. ಆಗ 12 ಪಾಯಿಂಟ್ ಅಕ್ಷರಕ್ಕೆ ಸಿಗುವುದು 12 ಪಿಕ್ಸೆಲ್. ರೆಸ್ 300 ಎಂದರೆ ಅದೇ ಅಕ್ಷರಕ್ಕೆ 50 ಪಿಕ್ಸೆಲ್. ಅಳತೆಯನ್ನು 8 ಇಂಚು, ರೆಸ್ 300 ಎಂದು ಬರೆದರೂ ಅದೇ 2400 ಪಿಕ್ಸೆಲ್ ಬರುತ್ತದೆ, ಅಕ್ಷರವೂ ಓದುವಂತಿರುತ್ತದೆ. ಅಂದಿನಿಂದ ನಾನು ಪಿಕ್ಸೆಲ್ ಲೆಕ್ಕ ಬಿಟ್ಟು ಇಂಚಿನಲ್ಲೇ ಯೋಚಿಸುತ್ತೇನೆ.

ಪಿಡಿಎಫ್‌ಗೆ ಈ ತಲೆನೋವಿಲ್ಲ, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ. ಆದರೆ ಲಕ್ಷಗಟ್ಟಲೆ ಚುಕ್ಕಿ ಇರುವ ಪ್ಲಾಟನ್ನು ಪಿಡಿಎಫ್ ಮಾಡಬೇಡಿ. ಒಂದೊಂದು ಚುಕ್ಕಿಯನ್ನೂ ಬೇರೆಬೇರೆ ಬರೆದಿಡುತ್ತದೆ, ತೆರೆಯುವವರ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಆರ್‌ನಲ್ಲಿ ಚಿತ್ರ ಬಿಡಿಸುವ ಪ್ಯಾಕೇಜ್ ಜಿಜಿಪ್ಲಾಟ್2ಗೆ ಬಂದ ಮೇಲೆ ಸೇವ್ ಮಾಡಲು ಅದರ ಜಿಜಿಸೇವ್ ಸಿಕ್ಕಿತು. ತೆರೆಯುವುದು ಮುಚ್ಚುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ಫೈಲ್ ಹೆಸರಿನ ಕೊನೆ ನೋಡಿ ಯಾವ ಬಗೆ ಎಂದು ತಿಳಿದುಕೊಳ್ಳುತ್ತದೆ, ಡಿಪಿಐ ತಾನಾಗಿಯೇ 300. ಹಾಯಾಗಿದೆ ಅಲ್ವಾ? ಎರಡು ಕಡೆ ಕಾಲು ಜಾರುತ್ತದೆ. ಅಳತೆ ಕೊಡದಿದ್ದರೆ ಆಗ ತೆರೆದಿರುವ ಕಿಟಕಿಯ ಅಳತೆಯನ್ನೇ ಎತ್ತಿಕೊಳ್ಳುತ್ತದೆ, ಅಂದರೆ ನನ್ನ ಹಳೇ ಉದ್ದ-ಕುಳ್ಳ ಕಥೆ ಮತ್ತೆ ಶುರು. ಯಾವ ಪ್ಲಾಟ್ ಎಂದು ಹೇಳದಿದ್ದರೆ ಕೊನೆಯ ಪ್ಲಾಟನ್ನು ಸೇವ್ ಮಾಡುತ್ತದೆ, ಅದು ನೀವು ಅಂದುಕೊಂಡದ್ದೇ ಆಗಿರಬೇಕೆಂದಿಲ್ಲ. ಮೂರನ್ನೂ ಬರೆದುಬಿಡಿ: ಪ್ಲಾಟಿನ ಹೆಸರು, ಅಗಲ, ಎತ್ತರ.

ಲೂಪ್‌ನಲ್ಲಿ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಬಿದ್ದ ಪೆಟ್ಟು ಇನ್ನೂ ನೆನಪಿದೆ. ನಲವತ್ತು ಚಿತ್ರಗಳಿಗೆ ಲೂಪ್ ಬರೆದು, ಪಿಎನ್‌ಜಿ() ಡೆವ್.ಆಫ್() ಎಲ್ಲ ಸರಿಯಾಗಿ ಹಾಕಿ, ರಾತ್ರಿ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎರರ್ ಒಂದೂ ಇಲ್ಲ, ಫೋಲ್ಡರ್ ಖಾಲಿ. ಕನ್ಸೋಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಡೆ) ಜಿಜಿಪ್ಲಾಟ್ ಹೆಸರು ಟೈಪ್ ಮಾಡಿದರೆ ಚಿತ್ರ ತಾನೇ ಬರುತ್ತದೆ. ಲೂಪ್ ಒಳಗೆ ಹಾಗಲ್ಲ, ಪ್ರಿಂಟ್() ಎಂದು ಹೇಳಲೇಬೇಕು. ಬಾಯಿ ಬಿಟ್ಟು ಒಂದು ಎಚ್ಚರಿಕೆಯನ್ನಾದರೂ ಕೊಡಬಾರದಾ? ನಾನು ಒಂದು ಸ್ಟಾರ್ ಕಡಿಮೆ ಕೊಡುವುದು ಇದಕ್ಕೇ.

ಕನ್ನಡದಲ್ಲಿ ಲೇಬಲ್ ಹಾಕುವವರಿಗೆ ಒಂದು ಮಾತು. ಮಾಮೂಲಿ ಪಿಡಿಎಫ್() ನಮ್ಮ ಅಕ್ಷರ ಬರೆಯುವುದಿಲ್ಲ. ತೆರೆ ಮೇಲೆ ಚೆನ್ನಾಗಿ ಕಂಡ ಹೆಸರು ಫೈಲಿನಲ್ಲಿ ಬರೀ ಚುಕ್ಕಿಗಳಾಗಿರುತ್ತದೆ. ಕೈರೋ_ಪಿಡಿಎಫ್() ಬಳಸಿ, ಸಿಸ್ಟಮ್‌ನಲ್ಲಿ ಕನ್ನಡ ಫಾಂಟ್ ಇರಲಿ. ನನ್ನಲ್ಲಿ ಒತ್ತಕ್ಷರಗಳೂ ತಮ್ಮ ಜಾಗದಲ್ಲೇ ಕೂತವು.

ಈಗ ನನ್ನ ಚಿತ್ರಗಳೆಲ್ಲ ಸ್ಕ್ರಿಪ್ಟ್ ಫೈಲನ್ನು ನೇರ ಓಡಿಸುವ ಆರ್‌ಸ್ಕ್ರಿಪ್ಟ್‌ನಿಂದಲೇ ಹೊರಬರುತ್ತವೆ, ಕಿಟಕಿ ತೆರೆಯುವುದೇ ಇಲ್ಲ. ಆದರೂ ಒಮ್ಮೊಮ್ಮೆ ಫೋಲ್ಡರ್‌ನಲ್ಲಿ ಕರೆಯದೆ ಬಂದ ನೆಂಟನಂತೆ ಆರ್‌ಪ್ಲಾಟ್ಸ್.ಪಿಡಿಎಫ್ ಎಂಬ ಫೈಲ್ ಕೂತಿರುತ್ತದೆ. ಯಾವುದೋ ಸಾಲು ಡಿವೈಸ್ ತೆರೆಯದೆ ಪ್ಲಾಟ್ ಬಿಡಿಸಿದರೆ ಆರ್ ಅದನ್ನು ಅಲ್ಲಿಗೆ ಸುರಿಯುತ್ತದೆ. ಮೊದಲೆಲ್ಲ ಸುಮ್ನೆ ಅಳಿಸುತ್ತಿದ್ದೆ. ಈಗ ತೆರೆದು ನೋಡುತ್ತೇನೆ. ಹೋದ ತಿಂಗಳು ಎರಡು ದಿನದಿಂದ ಹುಡುಕುತ್ತಿದ್ದ ಹಿಸ್ಟೋಗ್ರಾಮ್ ಅದರ ಮೂರನೇ ಪುಟದಲ್ಲಿತ್ತು.