ಮನೆಯಲ್ಲಿ ಮೀನಿನ ವಾಸನೆ ಬಂದರೆ ಮೊದಲು ಪ್ಲಗ್ ನೋಡಿ

ಮೂರು ದಿನ ನಮ್ಮ ಮನೆಯಲ್ಲಿ ಮೀನಿನ ವಾಸನೆ ಇತ್ತು. ಮಧ್ಯಾಹ್ನದ ಮೇಲೆ ಶುರುವಾಗಿ ಸಂಜೆಗೆ ಜೋರಾಗುತ್ತಿತ್ತು, ರಾತ್ರಿ ಎಂಟು ದಾಟಿದರೆ ತಗ್ಗುತ್ತಿತ್ತು. ಸರಿಯಾಗಿ ಅಡುಗೆಯ ಹೊತ್ತು. ಕೆಳಮನೆಯವರು ಮಂಗಳೂರಿನ ಕಡೆಯವರಾದ್ದರಿಂದ ನಾವು ಹೆಚ್ಚು ಯೋಚಿಸಲಿಲ್ಲ. ಅಮ್ಮ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚಿದರು. ನಾಲ್ಕನೆಯ ದಿನ ಹಾಲು ತರಲು ಇಳಿದಾಗ ಅವರ ಬಾಗಿಲಿಗೆ ಬೀಗ. ವಾರದ ಹಿಂದೆಯೇ ಊರಿಗೆ ಹೋಗಿದ್ದಾರೆ ಎಂದು ಎದುರುಮನೆಯವರು ಹೇಳಿದರು.

ವಾಸನೆ ನನ್ನ ಗಿಡಗಳ ಕೋಣೆಯದು. ಪ್ಲಗ್, ಸಾಕೆಟ್‌ಗಳಿಗೆ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ ಅತಿಯಾಗಿ ಕಾದರೆ ಹೊಗೆ ಕಾಣಿಸುವ ಮೊದಲೇ ಮೀನಿನಂಥ ವಾಸನೆ ಬಿಡುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಮೇನ್ ಆರಿಸಿ ಪ್ಲಗ್ ಎಳೆದರೆ ಬರಲಿಲ್ಲ. ಕರಗಿ ಸಾಕೆಟ್ಟಿಗೆ ಅಂಟಿಕೊಂಡಿತ್ತು. ಹಿಂದಿನ ಗೋಡೆಯ ಬಣ್ಣ ಅಂಗೈ ಅಗಲಕ್ಕೆ ಕಂದಿತ್ತು. ಅದರಿಂದ ಒಂದು ಗೇಣು ದೂರದಲ್ಲಿ ತೆಂಗಿನ ನಾರಿನ ಪುಡಿಯ ಚೀಲ ಒರಗಿಸಿಟ್ಟಿದ್ದೆ.

ಬೆಂಗಳೂರಿನ ಹನುಮಂತನಗರದ ನಮ್ಮ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಆಷಾಢದ ಮೋಡ ಕವಿದರೆ ಒಳಗೆ ಹಗಲಲ್ಲೂ ದೀಪ ಬೇಕು. ಆದರೂ ನನಗೆ ಲೆಟ್ಯೂಸ್, ಸ್ಟ್ರಾಬೆರಿ ಬೆಳೆಯುವ ಚಪಲ. ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ ಗಿಡಗಳಿಗೆ ಬಿಸಿಲಿನ ಬದಲು ಬೆಳಕು ಕೊಡುವ ಎಂಟು ಗ್ರೋ ಲೈಟ್ ತಂದೆ. ಡಬ್ಬಿಯ ಮೇಲೆ 1000 ವ್ಯಾಟ್ ಎಂದು ದಪ್ಪಕ್ಷರ, ಹಿಂಬದಿಯ ಸಣ್ಣ ಅಕ್ಷರದಲ್ಲಿ 100. ಈ ಸರಕಿನಲ್ಲಿ ಸಣ್ಣ ಅಕ್ಷರವನ್ನೇ ನಂಬಬೇಕು ಎನ್ನುವಷ್ಟು ಜಾಣತನ ನನಗಿತ್ತು. ಎಂಟು ನೂರು ವ್ಯಾಟ್, 230 ವೋಲ್ಟ್. ಭಾಗಿಸಿದರೆ ಮೂರೂವರೆ ಆಂಪಿಯರ್. ಸಾಕೆಟ್ 6 ಆಂಪಿಯರಿನದು. ಧಾರಾಳವಾಯಿತು ಎಂದುಕೊಂಡು ಎಲ್ಲವನ್ನೂ ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಟೈಮರ್ ಇಟ್ಟೆ.

ಎಲೆಕ್ಟ್ರಿಷಿಯನ್ ಬಂದವರು ನನ್ನ ಲೆಕ್ಕವನ್ನು ಕೇಳಿ ಏನೂ ಹೇಳಲಿಲ್ಲ. ದೀಪಗಳನ್ನು ಅಡುಗೆಮನೆಯ ಪವರ್ ಪಾಯಿಂಟಿಗೆ ಹಾಕಿ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಕ್ಲಾಂಪ್ ಮೀಟರ್ ಹಿಡಿದರು. 5.7 ಆಂಪಿಯರ್. ಎಲ್‌ಇಡಿ ದೀಪಕ್ಕೆ ವಿದ್ಯುತ್ತನ್ನು ಹೊಂದಿಸಿಕೊಡುವ ಅಗ್ಗದ ಡ್ರೈವರ್‌ಗಳ ಪವರ್ ಫ್ಯಾಕ್ಟರ್, ಅಂದರೆ ಎಳೆದ ವಿದ್ಯುತ್ತಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು, ಕಡಿಮೆ; ನಮ್ಮವು 0.6ರ ಆಸುಪಾಸು. ಬಿಲ್ಲು ಬರುವುದು ವ್ಯಾಟ್ ಲೆಕ್ಕದಲ್ಲೇ ಆದರೂ ತಂತಿಯಲ್ಲಿ ಹರಿಯುವ ವಿದ್ಯುತ್ತು ಆ ಲೆಕ್ಕಕ್ಕಿಂತ ಬಹಳ ಹೆಚ್ಚು. ಅಂಗಡಿಯವನು ಇದನ್ನು ಹೇಳುವುದಿಲ್ಲ, ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

‘ಹಾಗಿದ್ದರೂ ಆರರೊಳಗೇ ಇದೆಯಲ್ಲ?’ ಎಂದೆ.

‘ಸರ್, ಹೊಸ ಸಾಕೆಟ್ಟಿಗೆ ಆರು. ನಿಮ್ಮದಕ್ಕೆ ಮೂವತ್ತು ವರ್ಷ.’

ಬಿಚ್ಚಿ ತೋರಿಸಿದರು. ಪ್ಲಗ್ಗಿನ ಪಿನ್ನನ್ನು ಹಿಡಿಯಬೇಕಾದ ಹಿತ್ತಾಳೆಯ ಪಟ್ಟಿ ಬಾಯಿ ಬಿಟ್ಟಿತ್ತು, ಮೇಲೆಲ್ಲ ಕಪ್ಪು. ಹಿಡಿತ ಸಡಿಲವಾದ ಕಡೆ ಅರ್ಧ ಓಮ್ ಪ್ರತಿರೋಧ ಹುಟ್ಟಿಕೊಂಡರೂ ಸಾಕು, 5.7 ಆಂಪಿಯರ್ ಹರಿಯುವಾಗ ಆ ಒಂದು ಚುಕ್ಕೆಯಲ್ಲಿ 16 ವ್ಯಾಟ್ ಶಾಖವಾಗುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥದ್ದೊಂದನ್ನು ಗೋಡೆಯೊಳಗೆ ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿಟ್ಟ ಹಾಗೆ. ಕಾದಷ್ಟೂ ಪಟ್ಟಿ ಸಡಿಲ, ಸಡಿಲವಾದಷ್ಟೂ ಕಾವು. ಮಿಕ್ಸಿ ಎರಡು ನಿಮಿಷ ತಿರುಗಿ ನಿಲ್ಲುವುದರಿಂದ ಬಚಾವಾಗುತ್ತದೆ. ಗಿಡದ ದೀಪಕ್ಕೆ ಆ ಬಿಡುವಿಲ್ಲ.

ಮಿತಿ ಮೀರಿ ವಿದ್ಯುತ್ ಹರಿದರೆ ತಾನೇ ಬಿದ್ದು ಲೈನ್ ಕಡಿಯುವ ಎಂಸಿಬಿ ಏಕೆ ಬೀಳಲಿಲ್ಲ ಎಂಬುದು ನನ್ನ ದೊಡ್ಡ ಅಚ್ಚರಿಯಾಗಿತ್ತು. ಅದು ನೋಡುವುದು ವಿದ್ಯುತ್ತಿನ ಪ್ರಮಾಣವನ್ನು. ಆ ಲೈನಿನ ಎಂಸಿಬಿ 10 ಆಂಪಿಯರಿನದು; 5.7 ಅದರ ಕಣ್ಣಿಗೆ ಸಹಜ. ಸಾಕೆಟ್ ಉರಿದು ಹೋಗುತ್ತಿದ್ದರೂ ಅದು ನಿಶ್ಚಿಂತೆಯಿಂದ ಕುಳಿತಿರುತ್ತದೆ. ಇಂಥ ಸಡಿಲ ಕೂಡಿಕೆಯನ್ನು ಹಿಡಿಯಲು ಮನೆಯಲ್ಲಿರುವ ಸಾಧನಗಳೆಂದರೆ ಮೂಗು ಮತ್ತು ಕೈ. ದೀಪ ಹಾಕಿದ ಒಂದು ಗಂಟೆಯ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ, ಬೆಚ್ಚಗಿದ್ದರೂ ಸಂಶಯಪಡಿ. ಕೈ ಒದ್ದೆಯಿರಬಾರದು ಎಂದು ಗಿಡ ಬೆಳೆಸುವವರಿಗೆ ಬೇರೆಯಾಗಿ ಹೇಳಬೇಕು, ನಮ್ಮ ಕೈ ಯಾವಾಗಲೂ ಒದ್ದೆಯೇ.

ಆಮೇಲೆ ಖರ್ಚು ಮಾಡಿದೆ. ಎಂಸಿಬಿಗಳಿರುವ ಡಿಬಿ ಪೆಟ್ಟಿಗೆಯಿಂದ 2.5 ಚದರ ಮಿಲಿಮೀಟರ್ ತಂತಿಯ ಬೇರೆಯದೇ ಲೈನ್, 16 ಆಂಪಿಯರ್ ಎಂಸಿಬಿ, ರ್‍ಯಾಕಿಗಿಂತ ಎತ್ತರದಲ್ಲಿ ಎರಡು ಹೊಸ ಸಾಕೆಟ್. ತಂತಿಗಳನ್ನು ಸಾಕೆಟ್ಟಿಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆತ್ತಿ ಸಿಕ್ಕಿಸಿದ್ದಾರೆ. ನೀರು ಜಾರಿದರೆ ತಂತಿಯ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ದೀಪಗಳನ್ನು ನಾಲ್ಕು ನಾಲ್ಕಾಗಿ, ಹತ್ತು ನಿಮಿಷದ ಅಂತರದಲ್ಲಿ ಹೊತ್ತಿಸುತ್ತೇನೆ. ಎಂಟೂ ಡ್ರೈವರ್‌ಗಳು ಒಟ್ಟಿಗೆ ಶುರುವಾದರೆ ಆ ಕ್ಷಣಕ್ಕೆ ಎಳೆಯುವ ವಿದ್ಯುತ್ತು ಹಲವು ಪಟ್ಟು. ಅಗ್ಗದ ಟೈಮರಿನ ಒಳಗೆ ದೀಪ ಹಾಕಿ ಆರಿಸುವ ಸ್ವಿಚ್ಚು, ಅಂದರೆ ರಿಲೇ, ಅದರಿಂದಲೇ ಅಂಟಿಕೊಳ್ಳುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ ಮಾಡಿಸಿ. ನಮ್ಮ ಮಾಲೀಕರು ಮೊದಲು ಕೇಳಿದ್ದು ‘ಮನೆಯೊಳಗೆ ಯಾಕ್ರೀ ಸೊಪ್ಪು?’ ಎಂದು.

ಕೊನೆಗೆ ವಿದ್ಯುತ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಆರ್‌ಸಿಸಿಬಿ, 30 ಮಿಲಿಆಂಪಿಯರಿನದು. ಹಳೆಯ ಮನೆಯಾದ್ದರಿಂದ ಅದು ಇರಲೇ ಇಲ್ಲ. ನನಗೆ ಇದು ದುಂದು ಅನ್ನಿಸಿತ್ತು. ನನ್ನ ದೀಪಗಳ ಪ್ಲಗ್ಗುಗಳು ನಮ್ಮ ಸಾಕೆಟ್ಟಿಗೆ ಹೊಂದದೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದೆ, ಅಂದರೆ ಒಂದಕ್ಕೂ ಅರ್ಥಿಂಗ್ ಇರಲಿಲ್ಲ. ಎಲೆಕ್ಟ್ರಿಷಿಯನ್ ಅಡಾಪ್ಟರ್‌ಗಳನ್ನೆಲ್ಲ ಕಿತ್ತು ಮೂರು ಪಿನ್ನಿನ ಪ್ಲಗ್ ಕೂರಿಸಿ ಒಂದೊಂದಾಗಿ ಹಾಕುತ್ತಾ ಬಂದರು. ಆರು ದೀಪ ಹೊತ್ತಿದವು. ಏಳನೆಯದನ್ನು ಹಾಕಿದ ತಕ್ಷಣ ಆರ್‌ಸಿಸಿಬಿ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಡ್ರೈವರ್ ಬಿಚ್ಚಿದರೆ ಒಳಗೆ ನೀರಿನ ಕಲೆ, ಹಸಿರು ಕಿಲುಬು. ಅರ್ಥಿಂಗ್ ಸಿಕ್ಕ ಮೇಲೆ ಹರಿದು ಹೋದ ಸೋರಿಕೆ ಅಷ್ಟು ದಿನವೂ ದೀಪದ ಲೋಹದ ಮೈಯಲ್ಲೇ ಕುಳಿತಿತ್ತು.

ಆ ದೀಪ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಅಮ್ಮ ತಿಂಗಳ ಹಿಂದೆ ಹೇಳಿದ್ದರು. ಚಳಿಗೆ ಹಾಗಾಗುತ್ತದೆ ಎಂದಿದ್ದೆ. ಅದರ ಕೆಳಗಿನ ತಟ್ಟೆಗೆ ದಿನಾ ಬೆಳಿಗ್ಗೆ ಬರಿಗಾಲಲ್ಲಿ ನಿಂತು ನೀರು ಹಾಕುತ್ತಿದ್ದವರು ಅವರೇ.