ಸತ್ಯನ್ ಚಿತ್ರ, ಛತ್ರದ ಫ್ಲ್ಯಾಷ್, ಮೊಬೈಲಿನ ಪಾಠ: ಫೋಟೋಗ್ರಫಿ ಎಲ್ಲಿ ಕಲಿತರೆ ಮೇಲು?

ನುರಿತವರಿಂದ ಫೋಟೋಗ್ರಫಿ ಕಲಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹೇಗೆ? ಅವರು ತೆಗೆದ ಚಿತ್ರಗಳನ್ನು ಕೂತು ನೋಡಬೇಕೋ, ಅವರ ಹಿಂದೆ ಬ್ಯಾಗು ಹೊತ್ತು ಅಲೆಯಬೇಕೋ, ವಿಡಿಯೊ ಪಾಠವೇ ಸಾಕೋ? ಮೂರನ್ನೂ ಮಾಡಿ ನೋಡಿದ್ದೇನೆ.

ವಿಡಿಯೊದ ಮಾತು ಬೇಗ ಮುಗಿಯುತ್ತದೆ. ಯಾವ ಗುಂಡಿ ಏನು ಮಾಡುತ್ತದೆ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿ) ಹಿಗ್ಗಿಸಿದರೆ ಹಿನ್ನೆಲೆ ಯಾಕೆ ಮಸುಕಾಗುತ್ತದೆ ಎನ್ನುವುದಕ್ಕೆ ಅದಕ್ಕಿಂತ ಸಲೀಸಾದ ದಾರಿ ಇಲ್ಲ, ಕಾಸೂ ಬೇಡ. ಆದರೆ ಪಾಠ ಹೇಳುವವರು ಎಲ್ಲಿ ನಿಂತು ಹೇಳುತ್ತಿದ್ದಾರೆ ಅಂತ ನೋಡಿಕೊಳ್ಳಿ. ಟ್ಯೂಬ್‌ಲೈಟ್ ಕೆಳಗೆ ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/60 ಸೆಕೆಂಡು ಇಡಿ ಎನ್ನುವುದು ಅಮೆರಿಕಕ್ಕೆ ಸರಿ, ಅಲ್ಲಿನ ಕರೆಂಟು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸುತ್ತು. ನಮ್ಮದು 50. ಹಳೇ ಟ್ಯೂಬ್‌ಲೈಟು ಇಲ್ಲಿ ಪ್ರತಿ ಸುತ್ತಿನಲ್ಲೂ ಎರಡು ಸಲದಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಹಾಗಾಗಿ 1/50 ಅಥವಾ 1/100 ಇಟ್ಟರೆ ಚಿತ್ರದ ಮೇಲೆ ಪಟ್ಟೆ ಬೀಳುವುದಿಲ್ಲ.

ಚಿತ್ರ ನೋಡಿ ಕಲಿಯುವುದಕ್ಕೆ ನಾನು ಆರಿಸಿಕೊಂಡಿದ್ದು ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರನ್ನು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಇವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ಪ್ರದರ್ಶನಗೊಂಡವು. ಬೇರೆ ಬೇರೆಯವರ ಚಿತ್ರ ಮೇಯುವುದಕ್ಕಿಂತ ಒಬ್ಬರನ್ನೇ ಹಿಡಿದುಕೊಂಡರೆ ಲಾಭ ಜಾಸ್ತಿ. ಅವರು ಎಷ್ಟು ಹತ್ತಿರ ಹೋಗುತ್ತಾರೆ, ಚೌಕಟ್ಟಿನಿಂದ ಏನನ್ನು ಹೊರಗೆ ಬಿಡುತ್ತಾರೆ ಎನ್ನುವುದು ಮೆಲ್ಲಗೆ ತಿಳಿಯುತ್ತಾ ಬರುತ್ತದೆ.

ಮುಗಿದ ಚಿತ್ರದಿಂದ ಅದನ್ನು ತೆಗೆದ ರೀತಿಯನ್ನು ಬಿಡಿಸಿಕೊಳ್ಳಲು ಕೆಲವು ಗುರುತುಗಳಿವೆ. ಸಮತಟ್ಟಾದ ಬಯಲಿನ ಚಿತ್ರದಲ್ಲಿ ದಿಗಂತದ ಗೆರೆ ನಿಂತವರ ಮೈಯನ್ನು ಎಲ್ಲಿ ಹಾಯುತ್ತದೋ ಕ್ಯಾಮೆರಾದ ಎತ್ತರ ಅಷ್ಟೇ. ಗೆರೆ ದೊಡ್ಡವರ ಸೊಂಟದ ಮಟ್ಟದಲ್ಲಿದ್ದರೆ ತೆಗೆದವರು ಒಂದೋ ಕುಕ್ಕರಗಾಲಲ್ಲಿ ಕೂತಿದ್ದಾರೆ, ಇಲ್ಲವೇ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದಿದ್ದಾರೆ. ಮೂಗಿನ ನೆರಳು ಬೆಳಕಿನ ದಿಕ್ಕು ಹೇಳುತ್ತದೆ. ಕಣ್ಣಗುಡ್ಡೆಯಲ್ಲಿ ಚೌಕದ ಹೊಳಪಿದ್ದರೆ ಕಿಟಕಿಯೋ ಲೈಟಿಗೆ ತೊಡಿಸುವ ಬಟ್ಟೆಯ ಪೆಟ್ಟಿಗೆಯಾದ ಸಾಫ್ಟ್‌ಬಾಕ್ಸೋ, ದುಂಡಗಿದ್ದರೆ ಬೆಳಕು ಹರಡುವ ಕೊಡೆ, ಅಂದರೆ ಅಂಬ್ರೆಲಾ, ಇರಬಹುದು. ಇಷ್ಟು ಗೊತ್ತುಮಾಡಿಕೊಂಡು ಅದೇ ಎತ್ತರ, ಅದೇ ದೂರದಲ್ಲಿ ನಮ್ಮ ಬೀದಿಯ ಮಕ್ಕಳನ್ನು ತೆಗೆದು ನೋಡುತ್ತಿದ್ದೆ. ಕಣ್ಣು ಪಳಗಿದ್ದು ಅಲ್ಲೇ.

ಆದರೆ ಮುಗಿದ ಚಿತ್ರ ಎಲ್ಲವನ್ನೂ ಬಿಟ್ಟುಕೊಡುವುದಿಲ್ಲ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ಚಿತ್ರದಲ್ಲಿ ಆಕಾಶ ಕಡುಕಪ್ಪು. ನೆಗೆಟಿವ್‌ನಿಂದ ನೇರವಾಗಿ ಮಾಡಿದ ಪ್ರಿಂಟ್‌ನಲ್ಲಿ ಆ ಕಪ್ಪು ಇಲ್ಲ. ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಕಾಗದಕ್ಕೆ ಬೆಳಕು ಉಣಿಸಿ ಉಣಿಸಿ ಮಾಡಿದ್ದು ಅದು, ಆ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಬರೀ ಪ್ರಿಂಟ್ ನೋಡಿದವರಿಗೆ ಅವತ್ತಿನ ಸಂಜೆಯೇ ಹಾಗಿತ್ತು ಅನ್ನಿಸಬೇಕು.

ಮೂರನೆಯದು ಮದುವೆ ಫೋಟೋಗ್ರಾಫರ್ ಒಬ್ಬರ ಹತ್ತಿರ ಲೈಟು ಹಿಡಿಯುವ ಕೆಲಸ. ಇಲ್ಲಿ ಯಾರೂ ಪಾಠ ಮಾಡುವುದಿಲ್ಲ. ಅಣ್ಣ (ಆ ಫೋಟೋಗ್ರಾಫರನ್ನು ನಾನು ಕರೆಯುವುದು ಹಾಗೆ) ಛತ್ರಕ್ಕೆ ಕಾಲಿಟ್ಟ ತಕ್ಷಣ ನೋಡುವುದು ಸೂರು ಮತ್ತು ಗೋಡೆ. ಹಸಿರು ಡಿಸ್ಟೆಂಪರ್ ಬಳಿದ ಗೋಡೆಗೆ ಫ್ಲ್ಯಾಷ್ ತಿರುಗಿಸಿ ಹೊಡೆದರೆ ಮದುಮಗಳ ಕೆನ್ನೆಗೂ ಹಸಿರು ಹತ್ತುತ್ತದೆ. ಸೂರು ಬೆಳ್ಳಗೆ, ತಗ್ಗಾಗಿದ್ದರೆ ಮೇಲಕ್ಕೆ ಹೊಡೆಯುತ್ತಾರೆ, ಇಲ್ಲದಿದ್ದರೆ ಬೆಳಕು ಪುಟಿಸಲು ನನ್ನ ಕೈಗೆ ಥರ್ಮಾಕೋಲ್ ಹಾಳೆ.

ಬೆಳಕಿನ ಲೆಕ್ಕ ತಲೆಗೆ ಹತ್ತಿದ್ದೂ ಅಲ್ಲೇ. ಬಲ್ಬಿನ ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಅಂತ ಶಾಲೆಯಲ್ಲಿ ಬರೆದುಕೊಂಡಿದ್ದೆ. ಲೈಟಿನ ಸ್ಟ್ಯಾಂಡನ್ನು ಹುಡುಗಿಯ ಪಕ್ಕಕ್ಕೇ ತಂದಿಟ್ಟಾಗ ಅವಳು ಬೆಳಗಿ, ಅವಳ ಆಚೆ ಕೂತ ಹುಡುಗ ಕತ್ತಲಾದ. “ನಾಕು ಹೆಜ್ಜೆ ಹಿಂದಕ್ಕೆ ಹೋಗೋ, ಪವರ್ ಏರಿಸು” ಅಂದರು ಅಣ್ಣ. ಲೈಟು ದೂರ ಹೋದಾಗ ಅಲ್ಲಿಂದ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ದೂರ, ಇಬ್ಬರ ಮುಖವೂ ಸಮವಾಯಿತು.

ಅದಕ್ಕಿಂತ ದೊಡ್ಡದು ಜನರನ್ನು ಸಂಭಾಳಿಸುವ ಬಗೆ. ಅಂತರಪಟ ಸರಿಯುವುದು, ಜೀರಿಗೆ ಬೆಲ್ಲ ತಲೆಗೆ ಬೀಳುವುದು ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಅಣ್ಣ ಮೊದಲೇ ಪುರೋಹಿತರ ಕಿವಿಯಲ್ಲಿ “ಸ್ವಾಮಿ, ಪಟ ಇಳಿಸೋಕೆ ಮುಂಚೆ ನನ್ನ ಕಡೆ ಒಂದ್ಸಲ ನೋಡಿಬಿಡಿ” ಅಂದಿರುತ್ತಾರೆ. ಗಟ್ಟಿಮೇಳ ಶುರುವಾಗಿ ನೆಂಟರೆಲ್ಲ ಮೊಬೈಲ್ ಎತ್ತುವ ಹೊತ್ತಿಗೆ ಅವರು ವೇದಿಕೆಯ ಮೇಲೆ ಮಂಡಿಯೂರಿ ಜಾಗ ಹಿಡಿದಾಗಿರುತ್ತದೆ. ಇದು ಯಾವ ಚಿತ್ರದಲ್ಲೂ ಕಾಣುವುದಿಲ್ಲ, ಯಾವ ವಿಡಿಯೊದಲ್ಲೂ ಸಿಗುವುದಿಲ್ಲ.

ಕಷ್ಟವೂ ಇದೆ. ಕೈಯಲ್ಲಿ ಸ್ಟ್ಯಾಂಡು ಇರುತ್ತದೆ, ಕ್ಯಾಮೆರಾ ಅಲ್ಲ. ಜೊತೆಗೆ ಗಿರಾಕಿಯ ರುಚಿಯೇ ನಿಮ್ಮ ರುಚಿಯಾಗಿಬಿಡುವ ಅಪಾಯ: ಹಿಂದೆಲ್ಲ ಮಸುಕು, ಮುಂದೊಂದು ನಗು, ಮುಗಿಯಿತು. ಹಾಗಾಗಿ ನನ್ನ ಪ್ರಕಾರ ಮೊದಲು ಒಬ್ಬರ ಚಿತ್ರಗಳ ಜೊತೆ ಚೆನ್ನಾಗಿ ಕಾಲ ಕಳೆಯಬೇಕು, ಆಮೇಲೆ ಛತ್ರ. ದುಡಿಮೆಗೇ ಇಳಿಯುವವರು ಮಾತ್ರ ನೇರ ಛತ್ರಕ್ಕೆ ಹೋಗಲಿ. ವಿಡಿಯೊ ಬೇಕೆನಿಸಿದಾಗ ತೆರೆಯುವ ಕೈಪಿಡಿ, ಅಷ್ಟೇ.

ಸೇರುವ ಮುಂಚೆ ದಿನಗೂಲಿ ಎಷ್ಟು, ನೀವು ತೆಗೆದ ಚಿತ್ರ ಯಾರದ್ದು, ಇನ್‌ಸ್ಟಾಗ್ರಾಮಿಗೆ ಹಾಕಬಹುದೋ ಇಲ್ಲವೋ ಅಂತ ಬಾಯಿಬಿಟ್ಟು ಕೇಳಿಕೊಳ್ಳಿ. ವೈಶಾಖದ ಲಗ್ನಗಳ ನಡುವೆ ಮಾತ್ರ “ಇದ್ಯಾಕೆ ಹೀಗೆ ಮಾಡಿದ್ರಿ” ಅಂತ ಕೇಳಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಆಷಾಢದಲ್ಲಿ ಸ್ಟುಡಿಯೊಗೆ ಹೋಗಿ. ಆಗ ಮುಹೂರ್ತವಿರುವುದಿಲ್ಲ, ಅಣ್ಣನೇ ಟೀ ತರಿಸಿ ಮಾತಿಗೆ ಕೂರುತ್ತಾರೆ.