ಮಳೆಗಾಲದ ಘಾಟಿ ಸೈಕಲ್ ಪ್ಯಾಕೇಜ್: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಜೂನ್ ಬಂತೆಂದರೆ ಬೆಂಗಳೂರಿನ ಸೈಕಲ್ ಗ್ರೂಪುಗಳಲ್ಲಿ ಘಾಟಿ ಇಳಿಯುವ ಮಾತು ಶುರುವಾಗುತ್ತದೆ. "ಬ್ಯಾಕಪ್ ಗಾಡಿ ಇರುತ್ತೆ, ಊಟ ವಸತಿ ನಮ್ಮದು, ನೀವು ಪೆಡಲ್ ತುಳಿದರೆ ಸಾಕು" ಎನ್ನುವ ಪ್ಯಾಕೇಜುಗಳೂ ಆಗಲೇ ಹುಟ್ಟಿಕೊಳ್ಳುತ್ತವೆ. ಹೋದ ಮಳೆಗಾಲದಲ್ಲಿ ಅಂಥದ್ದೊಂದಕ್ಕೆ ನಾನೂ ನನ್ನ ತಮ್ಮನೂ ದುಡ್ಡು ಕಟ್ಟಿ ಹೋಗಿದ್ದೆವು. ತಮ್ಮ ಕ್ಷೇಮವಾಗಿ ಮನೆಗೆ ಬಂದದ್ದು ದಾರಿಯಲ್ಲಿ ಸಿಕ್ಕ ಒಬ್ಬ ಪಿಕಪ್ ಡ್ರೈವರ್ ಪುಣ್ಯದಿಂದ. ಆಯೋಜಕರಿಂದ ಖಂಡಿತ ಅಲ್ಲ.

ದಾರಿ ಹೀಗಿತ್ತು: ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಹಾಸನದವರೆಗೆ ಹೇಳುವಂಥದ್ದೇನಿಲ್ಲ. ಹೆದ್ದಾರಿ, ಲಾರಿಗಳು ಎರಚುವ ಕೆಸರು, ಅಷ್ಟೇ.

ಮೂಡಿಗೆರೆಯಲ್ಲಿ ಉಳಿದ ರಾತ್ರಿ ಮೊಬೈಲ್‌ನಲ್ಲಿ ಆರೆಂಜ್ ಅಲರ್ಟ್ ಕಾಣಿಸಿತು, ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಎರಡಕ್ಕೂ. ಆಯೋಜಕರಿಗೆ ತೋರಿಸಿದೆ. "ಸಾರ್, ಮಲೆನಾಡಲ್ಲಿ ಇದು ಪ್ರತಿ ವರ್ಷ ಇದ್ದದ್ದೇ. ಉಜಿರೆಯಲ್ಲಿ ರೂಮ್ ಬುಕ್ ಆಗಿದೆ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ಹೋಗುತ್ತೆ" ಎಂದರು. ನಾವಿಬ್ಬರು ಇಲ್ಲೇ ಉಳಿಯುತ್ತೇವೆ ಎಂದಾಗ, ಖರ್ಚು ನಿಮ್ಮದು, ಬಾಡಿಗೆ ಸೈಕಲ್ ನಾವು ಒಯ್ಯುತ್ತೇವೆ ಎಂಬ ಉತ್ತರ ಬಂತು.

ಆರೆಂಜ್ ಅಲರ್ಟ್ ಅಂದರೆ ಏನು ಎಂದು ಆ ಆಯೋಜಕರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಾಗಂದರೋ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್‌ವರೆಗೆ ಬಿದ್ದರೆ ಅದು ಅತಿ ಭಾರಿ ಮಳೆ; ಅಷ್ಟು ಮಳೆಯ ನಿರೀಕ್ಷೆ ಇದ್ದಾಗ ಕೊಡುವುದು ಆರೆಂಜ್. ಅದಕ್ಕೂ ಮೇಲಿನದು ರೆಡ್. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಹೆಚ್ಚುಕಮ್ಮಿ 1,000 ಮಿಲಿಮೀಟರ್. ಅದರ ಐದರಲ್ಲೊಂದು ಪಾಲಿನವರೆಗೂ ಒಂದೇ ದಿನ ಸುರಿಯಬಹುದಾದ ಕಡೆ, ನಂದಿ ಬೆಟ್ಟ ಹತ್ತಿಳಿದ ಅಭ್ಯಾಸವನ್ನೇ ನಂಬಿಕೊಂಡು ಹೊರಡುವಂತಿಲ್ಲ. ನಂದಿಯ ರಸ್ತೆಯೇ 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮುಚ್ಚಿತ್ತು.

ಇನ್ನೊಂದು ವಿಷಯ. ಗುಡ್ಡ ಜರಿಯುವುದು ಆ ದಿನದ ಮಳೆಗೆ ಮಾತ್ರ ಅಲ್ಲ. ದಿನಗಟ್ಟಲೆ ನೀರು ಕುಡಿದ ಮಣ್ಣು, ರಸ್ತೆಗಾಗಿ ನೇರಕ್ಕೆ ಕಡಿದ ದರೆ (ಗುಡ್ಡದ ಬದಿ), ಇವೆರಡು ಸೇರಿದರೆ ಮಳೆ ಬಿಟ್ಟ ಹೊತ್ತಲ್ಲೂ ಕೆಳಗೆ ಬರಬಹುದು. ಚಾರ್ಮಾಡಿಯಲ್ಲೇ 2019ರ ಆಗಸ್ಟ್‌ನಲ್ಲಿ ಹಲವು ಕಡೆ ಕುಸಿದು ವಾರಗಟ್ಟಲೆ ಸಂಚಾರ ನಿಂತಿತ್ತು. 2018ರಲ್ಲಿ ಮಡಿಕೇರಿ-ಸಂಪಾಜೆ ದಾರಿ, 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ, ಅದೇ ತಿಂಗಳು ಅಂಕೋಲಾದ ಶಿರೂರು. ಶಿರೂರಿನಲ್ಲಿ ಹೋದ ಜೀವಗಳನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ.

ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಹೊರಟೆವು. ಹಗುರಾಗಿ ಇಳಿಯಬಹುದು ಎಂದು ಹೇಳಿ ಬ್ಯಾಗುಗಳನ್ನೆಲ್ಲ ಬ್ಯಾಕಪ್ ಗಾಡಿಯಾದ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಹಾಕಿಸಿಕೊಂಡಿದ್ದರು. ಒಣ ಬಟ್ಟೆ, ಟಾರ್ಚ್, ತಿಂಡಿ ಎಲ್ಲ ಅದರಲ್ಲೇ. ಅಣ್ಣಪ್ಪ ಸ್ವಾಮಿ ಗುಡಿ ತಲುಪುವ ಮೊದಲೇ ನಮ್ಮ ಹಿಂದೆ ಮರ ಬಿತ್ತು. ನಾವು ಮುಂದೆ, ಟಿಟಿ ಮರದ ಆಚೆ, ನಿಂತ ಗಾಡಿಗಳ ಸಾಲಿನಲ್ಲಿ. ಫೋನ್‌ಗೆ ಸಿಗ್ನಲ್ ಇಲ್ಲ. ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿದ್ದ ಬ್ಯಾಕಪ್ ಗಾಡಿಯ ಕಥೆ ಅಲ್ಲಿಗೆ ಮುಗಿಯಿತು. ಘಾಟಿಯಲ್ಲಿ ಇರುವುದು ಒಂದೇ ರಸ್ತೆ. ಅದು ಕಟ್ಟಿಕೊಂಡರೆ ಗಾಡಿ ಎಷ್ಟಿದ್ದರೂ ನಿಮ್ಮ ಹತ್ತಿರ ಬರಲಾಗುವುದಿಲ್ಲ.

ತಮ್ಮನಿಗೆ ಕೊಟ್ಟಿದ್ದು ರಿಮ್ ಬ್ರೇಕಿನ ಸೈಕಲ್, ಅಂದರೆ ರಬ್ಬರ್ ಪ್ಯಾಡ್ ಚಕ್ರದ ಅಂಚನ್ನೇ ಒತ್ತಿ ನಿಲ್ಲಿಸುವಂಥದ್ದು. ಒದ್ದೆ ರಿಮ್ಮಿನಲ್ಲಿ ಲಿವರ್ ಒತ್ತಿದ ತಕ್ಷಣ ಬ್ರೇಕ್ ಹಿಡಿಯುವುದಿಲ್ಲ. ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರೆಸಿಕೊಂಡ ಮೇಲೆ ಹಿಡಿಯುತ್ತದೆ. ತಿರುವಿನ ಮೇಲೆ ತಿರುವು ಬರುವ ಇಳಿಜಾರಿನಲ್ಲಿ ಆ ಒಂದೆರಡು ಸುತ್ತು ಬಹಳ ದೊಡ್ಡದು. ಜೊತೆಗೆ ಮಣ್ಣುನೀರಿನ ಮರಳು ರಬ್ಬರನ್ನು ಉಜ್ಜಿ ತಿನ್ನುತ್ತದೆ. ರಿಮ್ಮಿನಿಂದ ಕಪ್ಪು ನೀರು ಇಳಿಯುತ್ತಿತ್ತು, ಆಮೇಲೆ ಕರಕರ ಸದ್ದು ಶುರುವಾಯಿತು, ಲಿವರ್ ಹ್ಯಾಂಡಲ್‌ಗೇ ಬಂದು ತಾಗುತ್ತಿತ್ತು. ನಿಲ್ಲಿಸಿ ನೋಡಿದರೆ ಪ್ಯಾಡ್‌ನಲ್ಲಿ ರಬ್ಬರ್ ಇಲ್ಲ, ಒಳಗಿನ ಲೋಹ ರಿಮ್ಮನ್ನು ಕೆರೆಯುತ್ತಿದೆ. ಹೊಸ ಪ್ಯಾಡ್ ಹಾಕಿ ಕೊಟ್ಟಿದ್ದರೆ ಒಂದೇ ಇಳಿಜಾರಿನಲ್ಲಿ ಹೀಗಾಗುತ್ತಿರಲಿಲ್ಲ. ಡಿಸ್ಕ್ ಬ್ರೇಕ್ ಒದ್ದೆಯಲ್ಲಿ ಎಷ್ಟೋ ವಾಸಿ, ಆದರೆ ಅದರ ಪ್ಯಾಡೂ ಮಳೆಯಲ್ಲಿ ಬೇಗ ಸವೆಯುತ್ತದೆ. ರೆಸಿನ್ ಪ್ಯಾಡ್ ಇನ್ನೂ ಬೇಗ, ಮೆಟಲ್ ಪ್ಯಾಡ್ ತಡೆಯುತ್ತದೆ.

ಸೈಕಲ್ ತಳ್ಳಿಕೊಂಡು ನಡೆದೆವು. ಮಳೆ ಮತ್ತೆ ಹಿಡಿಯಿತು, ಗಾಳಿಯೂ ಸೇರಿತು. ತಮ್ಮನ ಹಲ್ಲು ಕಟಕಟ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾತು ತೊದಲತೊಡಗಿತು, ರೈನ್‌ಕೋಟಿನ ಜಿಪ್ ಎಳೆಯಲು ಬೆರಳು ಕೇಳಲಿಲ್ಲ. ಹಿಮ ಬೀಳುವ ಊರೇ ಆಗಬೇಕಿಲ್ಲ. ಮೈ ಪೂರ್ತಿ ಒದ್ದೆಯಾಗಿ ಗಾಳಿಗೆ ಸಿಕ್ಕಿದರೆ ನಮ್ಮ ಘಾಟಿಯಲ್ಲೂ ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ನಡುಕದ ಜೊತೆ ತೊದಲು ಬಂದರೆ ಅದನ್ನು ಬರೀ ಚಳಿ ಎಂದುಕೊಂಡು ಕೂರಬೇಡಿ.

ಆಗ ಬಂದದ್ದು ಆ ಪಿಕಪ್. "ಎಂತ ಮಾರಾಯ್ರೆ, ಈ ಮಳೆಗೆ ಸೈಕಲ್ಲಾ?" ಎಂದವರೇ ಇಳಿದು ಬಂದು ತಮ್ಮನನ್ನು ಒಳಗೆ ಕೂರಿಸಿ, ಒದ್ದೆ ಅಂಗಿ ತೆಗೆಸಿ, ತಮ್ಮದೇ ಲುಂಗಿ, ಕಂಬಳಿ ಸುತ್ತಿದರು. ಸೈಕಲ್‌ಗಳನ್ನು ಹಿಂದೆ ಹಾಕಿಕೊಂಡು ಕೆಳಗೆ ಇಳಿಸಿದರು. ಘಾಟಿಯ ಬುಡದ ಚಾರ್ಮಾಡಿ ಊರಿನಲ್ಲಿ ಬಿಸಿ ಬಿಸಿ ಸಿಹಿ ಚಹಾ ಕುಡಿಸಿದ ಮೇಲೆ ತಮ್ಮನ ಮಾತು ನೆಟ್ಟಗಾಯಿತು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಅಂದಹಾಗೆ, ಇಂಥ ಹೊತ್ತಲ್ಲಿ ಒಂದು ಪೆಗ್ ಹಾಕಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಲೇಬೇಡಿ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಇದ್ದ ಶಾಖವನ್ನೂ ಹೊರಗೆ ಬಿಡುತ್ತದೆ.

ಟಿಟಿ ಉಜಿರೆಗೆ ಬಂದಾಗ ರಾತ್ರಿಯಾಗಿತ್ತು. ಆಯೋಜಕರ ಮೊದಲ ಪ್ರಶ್ನೆ ಸೈಕಲ್‌ನ ರಿಮ್ ಯಾಕೆ ಗೀಚಿದೆ ಎಂದು. ಡೆಪಾಸಿಟ್‌ನಲ್ಲಿ ಅದನ್ನೂ ಮುರಿದುಕೊಂಡರು.

ಕೆಲವರು ರೈಲಿದೆಯಲ್ಲ, ತೊಂದರೆಯಾದರೆ ಅದರಲ್ಲಿ ವಾಪಸ್ ಬರೋಣ ಎನ್ನುತ್ತಾರೆ. 2024ರ ಜುಲೈ ಕೊನೆಯಲ್ಲಿ ಸಕಲೇಶಪುರದಾಚೆ ಘಾಟಿಯ ರೈಲು ದಾರಿಯಲ್ಲಿರುವ ಎಡಕುಮೇರಿ ಹತ್ತಿರ ಹಳಿಯ ಕೆಳಗೇ ಕುಸಿದು ಮಂಗಳೂರು ರೈಲುಗಳೂ ನಿಂತಿದ್ದವು. ಘಾಟಿ ಕೆಟ್ಟರೆ ರಸ್ತೆ, ರೈಲು ಎರಡೂ ಕೈಕೊಡಬಹುದು. ಮಳೆಗಾಲದಲ್ಲೇ ಹೋಗಬೇಕೆಂದಿದ್ದರೆ ಕೊಟ್ಟಿಗೆಹಾರದವರೆಗೆ ಹೋಗಿ ಅದೇ ದಾರಿಯಲ್ಲಿ ಹಿಂತಿರುಗಿ. ಬೇಲೂರಿನಿಂದ ಆಚೆಯ ಕಾಫಿ ತೋಟದ ರಸ್ತೆಯೇ ಸಾಕಷ್ಟು ಚೆಂದ. ಘಾಟಿ ದಸರಾ ಕಳೆದ ಮೇಲೆ ಇಳಿಯಬಹುದು. ಒಣ ಬಟ್ಟೆಯ ಒಂದು ಜೊತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ನಿಮ್ಮ ಬೆನ್ನ ಮೇಲೇ ಇರಲಿ. ಆಸರೆಗೆಂದು ದರೆಯ ಬುಡದಲ್ಲಿ ನಿಲ್ಲಬೇಡಿ. ತಿಳಿಯಾಗಿದ್ದ ಝರಿ ಇದ್ದಕ್ಕಿದ್ದಂತೆ ಕೆಂಪಾದರೆ, ಸಣ್ಣ ಕಲ್ಲುಗಳು ಉರುಳತೊಡಗಿದರೆ ಆ ಜಾಗ ಬಿಟ್ಟುಬಿಡಿ. ಚಾರ್ಮಾಡಿ ಘಾಟಿ ಎರಡು ಜಿಲ್ಲೆಗೆ ಸೇರಿದ್ದು, ಹಾಗಾಗಿ ಎರಡೂ ಜಿಲ್ಲಾಧಿಕಾರಿಗಳ ಸಂಚಾರದ ಆದೇಶ ನೋಡಿಕೊಳ್ಳಿ.

ಈ ಸಲಕ್ಕೆ ಈಗಾಗಲೇ ಅಡ್ವಾನ್ಸ್ ಕೊಟ್ಟವರು ಇವತ್ತೇ ವಾಟ್ಸಾಪ್‌ನಲ್ಲಿ, ಬರಹದಲ್ಲಿ ಕೇಳಿ: ಆರೆಂಜ್ ಅಥವಾ ರೆಡ್ ಬಂದರೆ ಘಾಟಿ ಬಿಡುತ್ತೀರಾ, ಆಗ ದುಡ್ಡು ಎಷ್ಟು ವಾಪಸ್, ಸೈಕಲ್‌ನ ಪ್ಯಾಡ್ ಹೊಸದಾ, ರಸ್ತೆ ಕಟ್ಟಿಕೊಂಡರೆ ನಮ್ಮ ಜೊತೆ ಸೈಕಲ್ ಮೇಲೆ ಇರುವವರು ಯಾರು. ಫೋನಲ್ಲಿ ಹೇಳ್ತೀನಿ ಎಂದರೆ ಒಪ್ಪಬೇಡಿ. ದುಡ್ಡು ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಊರಿನಲ್ಲೇ ದೂರು ಕೊಡಬಹುದು. ನಾನು ಕೊಟ್ಟಿದ್ದೇನೆ, ತಮ್ಮ ತೆಗೆದಿಟ್ಟ ಆ ಪ್ಯಾಡಿನ ಫೋಟೋ ಸಮೇತ.